ಹತ್ತು ಗಾಲಿಗಳ ಪ್ರಷ್ಯನ್ ಎಂಜಿನ್ ತಿರುವಿನಲ್ಲಿ ಹೇಗೆ ಸಾಗುತ್ತಿತ್ತು?

ಪ್ರಶ್ನೆ: ಜರ್ಮನಿಯಲ್ಲಿ ಓದುತ್ತಿರುವ ಮಗಳನ್ನು ನೋಡಲು ಹೋಗಿದ್ದಾಗ ಝೀಗನ್ ಊರಿನ ರೈಲು ವಸ್ತುಸಂಗ್ರಹಾಲಯದಲ್ಲಿ ‘ಪ್ರಷ್ಯದ ಜಿ 10’ ಎಂಬ ಹಳೆಯ ಉಗಿ ಎಂಜಿನ್ ನೋಡಿದೆ. ಪ್ರತಿ ಬದಿಗೂ ಐದೈದು ದೊಡ್ಡ ಗಾಲಿಗಳಿದ್ದವು. ಐದನ್ನೂ ಉಕ್ಕಿನ ದಂಡ ಒಟ್ಟಿಗೆ ಹಿಡಿದಿತ್ತು. ಮುಂದೆಯಾಗಲಿ ಹಿಂದೆಯಾಗಲಿ ದಾರಿ ತೋರುವ ಚಿಕ್ಕ ಗಾಲಿಗಳೇ ಇರಲಿಲ್ಲ. ಇಷ್ಟು ಉದ್ದದ ಗಟ್ಟಿ ಚೌಕಟ್ಟು ತಿರುವಿನಲ್ಲಿ ಹಳಿ ತಪ್ಪುತ್ತಿರಲಿಲ್ಲವೆ? ನಾಲ್ಕು ಜೊತೆ ಗಾಲಿಗಳ ಎಂಜಿನ್ನಿಗೇ ಇನ್ನೂ ದೊಡ್ಡ ಬಾಯ್ಲರ್ ಕೂರಿಸಿದ್ದರೆ ಸಾಕಾಗುತ್ತಿರಲಿಲ್ಲವೆ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ, ಆಗ ತನ್ನದೇ ರೈಲ್ವೆ ನಡೆಸುತ್ತಿದ್ದ ಜರ್ಮನಿಯ ದೊಡ್ಡ ರಾಜ್ಯ ಪ್ರಷ್ಯದ ಎಂಜಿನಿಯರುಗಳು ತಿರುವಿನ ತಲೆನೋವನ್ನು ತಾವಾಗಿಯೇ ಏಕೆ ಮೈಮೇಲೆ ಎಳೆದುಕೊಂಡರು ಎಂಬುದು ತಿಳಿಯುತ್ತದೆ.

ಸರಕು ಗಾಡಿಯನ್ನು ಏರು ಹತ್ತಿಸುವಾಗ ಎಂಜಿನ್ ಸೋಲುವುದು ಸಾಮಾನ್ಯವಾಗಿ ಉಗಿ ಸಾಲದೆ ಅಲ್ಲ, ಹಿಡಿತ ಸಾಲದೆ. ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಹಿಡಿಯುವ ಬಲವು ಆ ಗಾಲಿಯ ಮೇಲಿರುವ ಭಾರದ ಐದನೆಯ ಒಂದು ಪಾಲು, ಹಳಿ ಚೆನ್ನಾಗಿ ಒಣಗಿದ್ದರೆ ನಾಲ್ಕನೆಯ ಒಂದು ಪಾಲು. ಅದಕ್ಕಿಂತ ಹೆಚ್ಚು ಎಳೆಯಲು ಹೋದರೆ ಗಾಲಿ ನಿಂತಲ್ಲೇ ಗಿರ್ರನೆ ತಿರುಗುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ. ಜಿ 10 ಎಂಜಿನ್ನಿನ ತೂಕ ಸುಮಾರು 76 ಟನ್. ಕಲ್ಲಿದ್ದಲು, ನೀರು ಹೊತ್ತು ಹಿಂದೆ ಬರುವ ಟೆಂಡರ್ ಬಂಡಿಯ ಲೆಕ್ಕ ಬೇರೆ. ಎಲ್ಲ ಗಾಲಿಗಳೂ ದಂಡಕ್ಕೆ ಕೂಡಿಕೊಂಡಿರುವುದರಿಂದ ಆ ಅಷ್ಟೂ ಭಾರ ಎಳೆತಕ್ಕೆ ಒದಗುತ್ತದೆ. ಐದನೆಯ ಒಂದು ಪಾಲೆಂದರೆ ಸುಮಾರು 15 ಟನ್ನಿನ ಎಳೆತ. 40ಕ್ಕೆ 1ರ ಏರಿನಲ್ಲಿ ಪ್ರತಿ ಟನ್ ತೂಕವನ್ನು ಮೇಲೆಳೆಯಲು 25 ಕಿಲೋ ಬಲ ಬೇಕು. ಉರುಳುವ ಘರ್ಷಣೆಯನ್ನೂ ಸೇರಿಸಿ 30 ಎಂದಿಟ್ಟುಕೊಂಡರೆ ಈ ಎಂಜಿನ್ ತನ್ನನ್ನೂ ಸೇರಿಸಿ ಸುಮಾರು 500 ಟನ್ ಹತ್ತಿಸಬಲ್ಲದು. ಒಂದೊಂದು ಅಚ್ಚಿನ ಮೇಲೂ ಅಷ್ಟೇ ಭಾರವಿರುವ ನಾಲ್ಕು ಅಚ್ಚುಗಳ, ಅಂದರೆ ನಾಲ್ಕು ಜೊತೆ ಗಾಲಿಗಳ, ಎಂಜಿನ್ 400ಕ್ಕೇ ನಿಲ್ಲುತ್ತದೆ. ಬಾಯ್ಲರನ್ನು ಎಷ್ಟೇ ಹಿಗ್ಗಿಸಿದರೂ ಈ ಲೆಕ್ಕ ಕದಲುವುದಿಲ್ಲ.

ಹಾಗಾದರೆ ನಾಲ್ಕು ಅಚ್ಚುಗಳ ಮೇಲೆಯೇ ಹೆಚ್ಚು ಭಾರ ಹೇರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪ್ರಷ್ಯದವರು ಅದನ್ನೂ ಮಾಡಿದರು. 1913ರಿಂದ ಕಟ್ಟಿದ ಜಿ 8.1 ಮಾದರಿಯಲ್ಲಿ ನಾಲ್ಕೇ ಅಚ್ಚುಗಳಿದ್ದು ಒಂದೊಂದರ ಮೇಲೂ 17 ಟನ್ನಿಗಿಂತ ಹೆಚ್ಚು ಭಾರ ಬೀಳುತ್ತಿತ್ತು. ಈ ಎಂಜಿನ್ನುಗಳನ್ನು ಸಾವಿರಗಟ್ಟಲೆ ತಯಾರಿಸಿದರು. ಆದರೆ ಅವು ಗಟ್ಟಿಯಾದ ಮುಖ್ಯ ಮಾರ್ಗಗಳಿಗೆ ಸರಿ. ಹಗುರ ಹಳಿ ಮತ್ತು ಹಳೆಯ ಸೇತುವೆಗಳಿದ್ದ ಕವಲು ಮಾರ್ಗಗಳಿಗೆ ಅವನ್ನು ಬಿಡುವಂತಿರಲಿಲ್ಲ. ಜಿ 10 ಎಂಜಿನ್ನಿನ ಅಚ್ಚಿನ ಮೇಲೆ ಬೀಳುತ್ತಿದ್ದ ಭಾರ ಸುಮಾರು 15 ಟನ್ ಮಾತ್ರ. ಜಿ 8.1ಕ್ಕಿಂತ ಒಟ್ಟು ತೂಕ ಹೆಚ್ಚು, ಹಳಿಯ ಮೇಲಿನ ಒತ್ತಡ ಕಡಿಮೆ. ಐದನೆಯ ಅಚ್ಚನ್ನು ಸೇರಿಸಿದ್ದು ಈ ಒಂದು ಅನುಕೂಲಕ್ಕಾಗಿ.

ಈಗ ತಿರುವಿಗೆ ಬರೋಣ. ನಮ್ಮ ಊರುಗಳಲ್ಲಿ ರಥಬೀದಿಯ ಮೂಲೆಗೆ ತೇರು ಬಂದಾಗ ಏನಾಗುತ್ತದೆಂಬುದನ್ನು ನೀವು ನೋಡಿರುತ್ತೀರಿ. ಅಚ್ಚುಗಳು ತೇರಿನ ತಳಕ್ಕೆ ಬಿಗಿದಿರುವುದರಿಂದ ಅದು ತಾನಾಗಿ ಹೊರಳುವುದಿಲ್ಲ. ಗಾಲಿಗೆ ಮರದ ತುಂಡು ಕೊಟ್ಟು, ಸನ್ನೆ ಹಾಕಿ, ಇಂಚಿಂಚಾಗಿ ತಿರುಗಿಸಬೇಕು. ಹಳಿಯ ಮೇಲಿನ ಎಂಜಿನ್ನಿಗೆ ಸನ್ನೆ ಹಾಕುವವರಿಲ್ಲ. ಹಳಿಯೇ ಗಾಲಿಯ ಒಳಗಿನ ಅಂಚನ್ನು, ಅಂದರೆ ಫ್ಲ್ಯಾಂಜನ್ನು, ತಳ್ಳಿ ದಾರಿಗೆ ತರಬೇಕು. ಎಷ್ಟು ತಳ್ಳಬೇಕಾಗುತ್ತದೆ ಎಂಬುದನ್ನು ನೀವೇ ಕಾಗದದ ಮೇಲೆ ಲೆಕ್ಕ ಹಾಕಬಹುದು.

ಜಿ 10 ಗಾಲಿಗಳ ವ್ಯಾಸ 1,400 ಮಿಲಿಮೀಟರ್. ಅವನ್ನು ಒಂದರ ಪಕ್ಕ ಒಂದು ಒತ್ತಾಗಿ ಇಟ್ಟರೂ ಅಚ್ಚಿನಿಂದ ಅಚ್ಚಿಗೆ ಸುಮಾರು ಒಂದೂವರೆ ಮೀಟರ್ ಬೇಕು. ಅಲ್ಲಿಗೆ ಮೊದಲನೆಯ ಅಚ್ಚಿನಿಂದ ಐದನೆಯದರವರೆಗೆ 6 ಮೀಟರ್. 180 ಮೀಟರ್ ತ್ರಿಜ್ಯದ ತಿರುವನ್ನು ತೆಗೆದುಕೊಳ್ಳೋಣ. ಅಂಥ ತಿರುವಿನ ಒಂದೇ ಹಳಿಯ ಮೇಲೆ 6 ಮೀಟರ್ ಅಂತರದ ಎರಡು ಬಿಂದುಗಳನ್ನು ಗುರುತಿಸಿ ನಡುವೆ ದಾರವನ್ನು ಎಳೆದು ಕಟ್ಟಿದರೆ, ದಾರದ ನಟ್ಟನಡುವೆ ಹಳಿ ಅದರಿಂದ 25 ಮಿಲಿಮೀಟರ್ ದೂರ ಸರಿದಿರುತ್ತದೆ. ಇಷ್ಟೇನಾ ಎನಿಸಬಹುದು. ಆದರೆ ಫ್ಲ್ಯಾಂಜಿಗೂ ಹಳಿಗೂ ನಡುವೆ ಎರಡೂ ಬದಿ ಸೇರಿ ಇರುವ ಸಡಿಲ ಸಾಮಾನ್ಯವಾಗಿ ಸುಮಾರು 10 ಮಿಲಿಮೀಟರ್. ತಿರುವುಗಳಲ್ಲಿ ಹಳಿಗಳ ನಡುವಣ ಅಂತರವನ್ನು ತುಸು ಹಿಗ್ಗಿಸುತ್ತಾರೆ, ಆದರೂ 25 ದಕ್ಕುವುದಿಲ್ಲ. ಐದು ಅಚ್ಚುಗಳನ್ನೂ ಚೌಕಟ್ಟಿಗೆ ಬಿಗಿದುಬಿಟ್ಟರೆ ಆ ಎಂಜಿನ್ ಒಂದೋ ಹಳಿಯನ್ನು ಹಿಂಜುತ್ತದೆ, ಇಲ್ಲವೇ ಹಳಿಯ ಮೇಲೆ ಹತ್ತುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಜರ್ಮನಿಯ ಬುದ್ಧಿವಂತ ಎಂಜಿನಿಯರುಗಳೆಲ್ಲ ತಲೆ ಕೆಡಿಸಿಕೊಂಡದ್ದು ಈ ಹೆಬ್ಬೆರಳಗಲದ ವಿಚಾರಕ್ಕೆ.

ಮೊದಲ ಉತ್ತರ ಪ್ರಷ್ಯದ್ದಲ್ಲ, ದಕ್ಷಿಣದ ಪುಟ್ಟ ರಾಜ್ಯ ವ್ಯುರ್ಟೆಂಬರ್ಗ್‌ನದು. ಅಲ್ಲಿನ ಯಂತ್ರ ವಿಭಾಗದ ಮುಖ್ಯಸ್ಥರಾಗಿದ್ದ ಅಡೋಲ್ಫ್ ಕ್ಲೋಸೆ 1892ರಲ್ಲಿ ಐದು ಅಚ್ಚುಗಳನ್ನು ಕೂಡಿಸಿದ ಎಂಜಿನ್ನನ್ನು ಗೈಸ್ಲಿಂಗನ್ ಘಾಟಿಗಾಗಿ ಹಳಿಗಿಳಿಸಿದರು. ತಿರುವಿಗೆ ತಕ್ಕಂತೆ ಅಚ್ಚುಗಳೇ ಓರೆಯಾಗಿ ಹೊರಳುವಂತೆ ಮಾಡುವ ಸನ್ನೆಕೋಲುಗಳ ಏರ್ಪಾಡು ಅದರಲ್ಲಿತ್ತು. ಕೆಲಸ ಮಾಡುತ್ತಿತ್ತು, ನಿಜ; ಆದರೆ ಕೀಲುಗಳು ಹೆಚ್ಚಿದಷ್ಟೂ ಸವೆತ ಹೆಚ್ಚು, ಸವೆತ ಹೆಚ್ಚಿದಷ್ಟೂ ಕಾರ್ಖಾನೆಯಲ್ಲಿ ನಿಲ್ಲುವ ದಿನಗಳು ಹೆಚ್ಚು. ಪ್ರಷ್ಯದವರೂ ಮೊದಲು ಇಂಥದೇ ದಾರಿ ಹಿಡಿದರು. ಎರ್ಫುರ್ಟ್ ನಗರದ ತಯಾರಕ ಕ್ರಿಸ್ಟಿಯಾನ್ ಹಾಗಾನ್ಸ್ ಅವರ ವಿನ್ಯಾಸದಂತೆ 1897ರಿಂದ ಬಂದ ಟಿ 15 ಟ್ಯಾಂಕ್ ಎಂಜಿನ್ನಿನಲ್ಲಿ (ಟೆಂಡರಿಲ್ಲದೆ ನೀರು, ಕಲ್ಲಿದ್ದಲನ್ನು ತಾನೇ ಹೊರುವ ಎಂಜಿನ್) ಮುಂದಿನ ಮೂರು ಅಚ್ಚುಗಳು ಮುಖ್ಯ ಚೌಕಟ್ಟಿನಲ್ಲಿದ್ದರೆ ಹಿಂದಿನ ಎರಡು ಹೊರಳುವ ಬೇರೊಂದು ಚೌಕಟ್ಟಿನಲ್ಲಿದ್ದವು. ಒಂದೇ ಜೊತೆ ಸಿಲಿಂಡರುಗಳ ಬಲವನ್ನು ಹೊರಳುವ ಆ ಗಾಲಿಗಳಿಗೂ ಮುಟ್ಟಿಸಲು ಎಂಜಿನ್ನಿನ ಮಗ್ಗುಲಲ್ಲಿ ಮೇಲಿಂದ ಕೆಳಕ್ಕೆ ತೂಗಾಡುವ ಸನ್ನೆಗಳ ಒಂದು ಜಾಲವೇ ಬೇಕಾಯಿತು. ಅದರ ಚಿತ್ರ ನೋಡಿದರೆ ಮಗ್ಗದ ನೆನಪಾಗುತ್ತದೆ.

ಇಷ್ಟೆಲ್ಲ ಬೇಕಿಲ್ಲ ಎಂದು ತೋರಿಸಿಕೊಟ್ಟವರು ಆಸ್ಟ್ರಿಯದ ಸರ್ಕಾರಿ ರೈಲ್ವೆಯ ಕಾರ್ಲ್ ಗೋಲ್ಸ್‌ಡಾರ್ಫ್. 1900ರಲ್ಲಿ ಅವರು ಹೊರತಂದ 180 ಶ್ರೇಣಿಯ ಎಂಜಿನ್ನಿನಲ್ಲಿ ಯಾವ ಅಚ್ಚೂ ಹೊರಳುವುದಿಲ್ಲ. ಎಲ್ಲವೂ ಒಂದಕ್ಕೊಂದು ಸಮಾನಾಂತರವಾಗಿಯೇ ಇರುತ್ತವೆ. ಎರಡನೆಯದು ಮತ್ತು ನಾಲ್ಕನೆಯದು ಚೌಕಟ್ಟಿನಲ್ಲಿ ಬಿಗಿ. ಒಂದು, ಮೂರು, ಐದನೆಯವು ಮಾತ್ರ ತಮ್ಮ ಅಚ್ಚುಪೆಟ್ಟಿಗೆಗಳಲ್ಲಿ ಎಡಕ್ಕೂ ಬಲಕ್ಕೂ ಕೆಲವು ಮಿಲಿಮೀಟರ್ ಜಾರುತ್ತವೆ. ಜಾರುವ ಗಾಲಿಗಳ ಕ್ರ್ಯಾಂಕ್ ಪಿನ್ನುಗಳನ್ನು, ಅಂದರೆ ಗಾಲಿಯಿಂದ ಹೊರಚಾಚಿದ ಗೂಟಗಳನ್ನು, ತುಸು ಉದ್ದ ಮಾಡಿದರೆ ಗಾಲಿಗಳನ್ನು ಒಟ್ಟಿಗೆ ಹಿಡಿಯುವ ಕೂಡುದಂಡದ ತೂತು ಆ ಪಿನ್ನಿನ ಮೇಲೆ ಅತ್ತಿತ್ತ ಸರಿದುಕೊಳ್ಳುತ್ತದೆ. ಬೇರೆ ಸನ್ನೆಯಿಲ್ಲ, ಬೇರೆ ಕೀಲಿಲ್ಲ. ತಿರುವು ಬಂದಾಗ ಹಳಿ ತಳ್ಳುತ್ತದೆ, ಅಚ್ಚು ಜಾರುತ್ತದೆ, ಅಷ್ಟೆ.

ಮೇಲಿನ ಲೆಕ್ಕವನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ ಇದರ ಸೊಗಸು ಕಾಣುತ್ತದೆ. ಬಿಗಿಯಾದ ಎರಡು ಮತ್ತು ನಾಲ್ಕನೆಯ ಅಚ್ಚುಗಳ ನಡುವೆ 3 ಮೀಟರ್ ಮಾತ್ರ ಇರುವುದರಿಂದ ಎಂಜಿನ್ ತಿರುವಿನಲ್ಲಿ ನಿಲ್ಲುವ ನಿಲುವನ್ನು ಈ ಎರಡೇ ನಿರ್ಧರಿಸುತ್ತವೆ. ಆಗ ಅದೇ 180 ಮೀಟರ್ ತಿರುವಿನಲ್ಲಿ ಮೊದಲ ಮತ್ತು ಕೊನೆಯ ಅಚ್ಚುಗಳು ಸುಮಾರು 19 ಮಿಲಿಮೀಟರ್ ತಿರುವಿನ ಒಳಬದಿಗೆ ಸರಿಯಬೇಕು. ನಡುವಿನ ಮೂರನೆಯದು ಹೊರಬದಿಗೆ ಬರೀ 6 ಮಿಲಿಮೀಟರ್ ಸರಿದರೆ ಸಾಕು. ಅಂದರೆ ಸಮಸ್ಯೆ ಇರುವುದು ತುದಿಗಳಲ್ಲಿ. ನಡುವಿನ ಗಾಲಿಯನ್ನು ಜಾರಿಸದೆಯೂ, ಅದರ ಫ್ಲ್ಯಾಂಜನ್ನು ಕೆತ್ತಿ ತೆಳ್ಳಗೆ ಮಾಡಿ ನಿಭಾಯಿಸಬಹುದು. ಈ ಕೊನೆಯ ಮಾತನ್ನು ನೆನಪಿಡಿ, ಜಿ 10 ಎಂಜಿನ್ನಿನಲ್ಲಿ ಅದರ ಉಪಯೋಗವಿದೆ.

ಪ್ರಷ್ಯದಲ್ಲಿ ಆಗ ಎಂಜಿನ್ ವಿನ್ಯಾಸದ ಹೊಣೆ ಹೊತ್ತಿದ್ದವರು ರಾಬರ್ಟ್ ಗಾರ್ಬೆ. ಅಧಿಕ ತಾಪಕ್ಕೆ ಕಾಯಿಸಿದ ಉಗಿಯ ಮೇಲೆ ಅವರಿಗೆ ಅಪಾರ ನಂಬಿಕೆ; ಹೆಚ್ಚು ಸಿಲಿಂಡರುಗಳ ಜಟಿಲ ಯಂತ್ರಗಳೆಂದರೆ ಅಷ್ಟೇ ಅನುಮಾನ. ಸಾಮಾನ್ಯ ಬಾಯ್ಲರಿನಿಂದ 12 ವಾತಾವರಣದ ಒತ್ತಡದಲ್ಲಿ ಹೊರಡುವ ಉಗಿಯ ತಾಪ ಸುಮಾರು 190 ಡಿಗ್ರಿ. ಅದು ಸಿಲಿಂಡರಿನ ತಣ್ಣನೆಯ ಗೋಡೆ ಮುಟ್ಟಿದೊಡನೆ ಒಂದಷ್ಟು ನೀರಾಗಿ ಇಳಿದುಹೋಗುತ್ತದೆ, ಕಲ್ಲಿದ್ದಲು ದಂಡ. ಕಾಸೆಲ್ ನಗರದ ವಿಲ್ಹೆಲ್ಮ್ ಷ್ಮಿಟ್ ರೂಪಿಸಿದ ಸೂಪರ್‌ಹೀಟರಿನಲ್ಲಿ ಉಗಿಯನ್ನು ಮತ್ತೆ ಕೊಳವೆಗಳಲ್ಲಿ ಹಾಯಿಸಿ 300 ಡಿಗ್ರಿಯನ್ನೂ ಮೀರಿ ಕಾಯಿಸಿದರೆ ಈ ನಷ್ಟ ತಪ್ಪುತ್ತದೆ. ಹೀಗಿರುವಾಗ ಎರಡು ಸಿಲಿಂಡರುಗಳ ಸರಳ ಎಂಜಿನ್ನೇ ಸಾಕೆಂಬುದು ಗಾರ್ಬೆಯವರ ವಾದ.

1905ರಲ್ಲಿ ಬರ್ಲಿನ್ನಿನ ಷ್ವಾರ್ಟ್ಸ್‌ಕೋಫ್ ಕಾರ್ಖಾನೆಯಿಂದ ಬಂದ ಟಿ 16 ಟ್ಯಾಂಕ್ ಎಂಜಿನ್ನಿನಲ್ಲಿ ಗಾರ್ಬೆ ನಂಬಿದ ಸೂಪರ್‌ಹೀಟರೂ ಗೋಲ್ಸ್‌ಡಾರ್ಫರ ಜಾರುವ ಅಚ್ಚುಗಳೂ ಒಂದಾದವು. ಹಾಗಾನ್ಸ್ ಸನ್ನೆಗಳ ಕಾಲ ಅಲ್ಲಿಗೆ ಮುಗಿಯಿತು. ಮೊದಮೊದಲು ಆಸ್ಟ್ರಿಯದ ಮಾದರಿಯಂತೆ ಪಿಸ್ಟನ್ನಿನ ಬಲ ನಾಲ್ಕನೆಯ ಅಚ್ಚಿಗೆ ಹೋಗುತ್ತಿತ್ತು. ಸಿಲಿಂಡರಿನಿಂದ ಅಷ್ಟು ದೂರಕ್ಕೆ ಚಾಚಿದ ಕನೆಕ್ಟಿಂಗ್ ರಾಡ್ ಉದ್ದವೂ ಭಾರವೂ ಆಗುತ್ತಿತ್ತು. ಮುಂದೆ ಬಲವನ್ನು ಮೂರನೆಯ ಅಚ್ಚಿಗೆ ಕೊಟ್ಟು ರಾಡನ್ನು ಗಿಡ್ಡ ಮಾಡಿದರು. ಬಲ ಹೊರುವ ಅಚ್ಚು ಪಕ್ಕಕ್ಕೆ ಜಾರುವಂತಿಲ್ಲವಾದ್ದರಿಂದ ಅದರ ಫ್ಲ್ಯಾಂಜನ್ನು ತೆಳ್ಳಗೆ ಮಾಡಿದರು. ಮೇಲಿನ ಲೆಕ್ಕದಲ್ಲಿ ಕಂಡ 6 ಮಿಲಿಮೀಟರ್ ಇಲ್ಲಿ ನೆರವಿಗೆ ಬಂತು.

1910ರಲ್ಲಿ ಕಾಸೆಲ್ಲಿನ ಹೆನ್ಶೆಲ್ ಕಾರ್ಖಾನೆಯಿಂದ ಹೊರಬಂದ ಜಿ 10 ಇದಕ್ಕಿಂತ ಹೊಸದೇನನ್ನೂ ಕಂಡುಹಿಡಿಯಲಿಲ್ಲ ಎಂಬುದೇ ನನಗೆ ಅದರ ದೊಡ್ಡ ಗುಣವಾಗಿ ಕಾಣುತ್ತದೆ. ಕೆಳಗಿನ ಗಾಲಿಗಳ ಏರ್ಪಾಡು ಟಿ 16ರದು. ಮೇಲಿನ ಬಾಯ್ಲರ್ 1906ರಿಂದ ಪ್ರಯಾಣಿಕರ ಗಾಡಿಗಳನ್ನು ಎಳೆಯುತ್ತಿದ್ದ ಪಿ 8 ಎಂಜಿನ್ನಿನದು. ಎರಡೂ ಆಗಲೇ ಪಳಗಿದವು, ಎರಡರ ಬಿಡಿಭಾಗಗಳೂ ಉಗ್ರಾಣದಲ್ಲಿದ್ದವು, ಎರಡನ್ನೂ ರಿಪೇರಿ ಮಾಡಬಲ್ಲ ಕೈಗಳು ಶೆಡ್ಡುಗಳಲ್ಲಿದ್ದವು. ಮೊದಲ ಎಂಜಿನ್ ಬಂದು ಒಂದೂವರೆ ದಶಕದೊಳಗೆ 2,500ಕ್ಕೂ ಹೆಚ್ಚು ಜಿ 10ಗಳು ತಯಾರಾದವು. ಸಿಲಿಂಡರಿನ ವ್ಯಾಸ 630, ಪಿಸ್ಟನ್ನಿನ ಓಟ 660 ಮಿಲಿಮೀಟರ್. ಈ ಅಳತೆಗಳಿಂದ ಲೆಕ್ಕ ಹಾಕಿದರೆ ಸಿಲಿಂಡರುಗಳು ಕೊಡಬಲ್ಲ ಎಳೆತ ಸುಮಾರು 19 ಟನ್. ಅದು ಒಣ ಹಳಿಯಲ್ಲಿ ಗಾಲಿಗಳಿಗೆ ಸಿಗುವ ಹಿಡಿತದ ಮೇರೆಯನ್ನು ಮುಟ್ಟುತ್ತದೆ, ಮಳೆ ಬಿದ್ದ ಹಳಿಯಲ್ಲಿ ಅದನ್ನು ಮೀರುತ್ತದೆ. ಆದ್ದರಿಂದ ಬಾಯ್ಲರಿನ ಮೇಲಿನ ಮರಳುಪೆಟ್ಟಿಗೆ ಅಲಂಕಾರಕ್ಕಲ್ಲ. ತೇವದ ಏರಿನಲ್ಲಿ ಚಾಲಕ ಗಾಲಿಯ ಮುಂದೆ ಮರಳು ಸುರಿಸುತ್ತ ಉಗಿ ಬಿಡುವ ರೆಗ್ಯುಲೇಟರನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತೆರೆಯಬೇಕಿತ್ತು.

ನೆರೆಯ ಬವೇರಿಯದವರ ರುಚಿ ಬೇರೆ. 1911ರಲ್ಲಿ ಮ್ಯೂನಿಕ್ಕಿನ ಮಾಫಾಯ್ ಕಾರ್ಖಾನೆ ಕಟ್ಟಿದ ಅವರ ಜಿ 5/5 ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳಿದ್ದವು. ಎರಡರಲ್ಲಿ ದುಡಿದ ಉಗಿಯೇ ಇನ್ನೆರಡಕ್ಕೆ ಹೋಗಿ ಮತ್ತೊಮ್ಮೆ ದುಡಿಯುತ್ತಿತ್ತು. ಒಟ್ಟು ಐದು ಅಚ್ಚುಗಳಲ್ಲಿ ಐದೂ ಕೂಡಿಕೊಂಡಿವೆ ಎಂಬುದು ಆ ಹೆಸರಿನ ಅರ್ಥ. ಬಲದಲ್ಲಿ ಅದು ಜಿ 10ಕ್ಕಿಂತ ಮಿಗಿಲು. ಯಂತ್ರವಾಗಿ ನೋಡಿದರೆ ನನಗೂ ಅದೇ ಹೆಚ್ಚು ಇಷ್ಟ, ಮುಚ್ಚಿಡುವುದೇಕೆ. ಆದರೆ ಅದು ಎರಡು ಕಂತುಗಳಲ್ಲಿ ಒಟ್ಟು ನೂರರ ಆಸುಪಾಸಿಗೆ ನಿಂತಿತು.

ನೀವು ಗಮನಿಸಿದ ಚಿಕ್ಕ ಗಾಲಿಯ ಕೊರತೆ ನಿಜವಾದ ಕೊರತೆಯೇ. ಮುಂದೆ ದಾರಿ ತೋರುವ ಗಾಲಿಯಿಲ್ಲದಿದ್ದರೆ ತಿರುವಿಗೆ ಮೊದಲು ಎದೆಗೊಡುವುದು ಭಾರ ಹೊತ್ತ ಮೊದಲ ಕೂಡುಗಾಲಿಯೇ, ಅಂದರೆ ದಂಡಕ್ಕೆ ಕೂಡಿದ ಗಾಲಿಯೇ. ಅದರ ಫ್ಲ್ಯಾಂಜ್ ಬೇಗ ಸವೆಯುತ್ತದೆ, ನೇರ ಹಳಿಯಲ್ಲಿ ವೇಗ ಏರಿದಂತೆ ಎಂಜಿನ್ ಹಾವಿನಂತೆ ಅತ್ತಿತ್ತ ಹೊಯ್ದಾಡುತ್ತದೆ. ಹಾಗಾಗಿ ಜಿ 10ಕ್ಕೆ ಗಂಟೆಗೆ 60 ಕಿಲೋಮೀಟರ್ ಮೇರೆ ಹಾಕಿದ್ದರು. ಅಂದಿನ ಸರಕು ಗಾಡಿಗಳಿಗೆ ಅಷ್ಟು ಧಾರಾಳವಾಗಿತ್ತು.

ಇದೇ ಕುಟುಂಬದ ಟ್ಯಾಂಕ್ ಎಂಜಿನ್, ಟಿ 16ನ್ನು ಬಲಪಡಿಸಿ ರೂಪಿಸಿದ ಟಿ 16.1, ಮಾಡಿದ ಒಂದು ಕೆಲಸವನ್ನು ಹೇಳದೆ ಮುಂದೆ ಹೋಗಲಾರೆ. ಥ್ಯೂರಿಂಗಿಯ ಕಾಡಿನ ನಡುವೆ ಇಲ್ಮೆನಾವ್ ಊರಿನಿಂದ ಶ್ಲಾಯ್ಸಿಂಗನ್‌ಗೆ 1904ರಲ್ಲಿ ತೆರೆದ ಮಾರ್ಗ ರೆನ್‌ಸ್ಟೈಗ್ ಬೆಟ್ಟಸಾಲನ್ನು ದಾಟುತ್ತದೆ. ಅದರ ಏರು ಸಾವಿರಕ್ಕೆ 61, ಅಂದರೆ ಸುಮಾರು 16ಕ್ಕೆ 1. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ನಮ್ಮ ಘಾಟಿಯ ಕಡಿದು 50ಕ್ಕೆ 1. ಇದು ಅದರ ಮೂರರಷ್ಟು. ಹಾಗಾಗಿ ಆರಂಭದಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿ, ಹಲ್ಲುಗಾಲಿಯ ಎಂಜಿನ್ನುಗಳನ್ನೇ ಓಡಿಸುತ್ತಿದ್ದರು. 1927ರಲ್ಲಿ ಆ ಹಲ್ಲುಗಾಲಿಗಳನ್ನು ಕೈಬಿಟ್ಟು ಅದೇ ಏರನ್ನು ಟಿ 16.1 ಬರೀ ಹಿಡಿತದ ಬಲದಿಂದ ಹತ್ತತೊಡಗಿತು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಗಾಲಿಗೆ ಬ್ರೇಕ್ ಕಟ್ಟೆ ಒತ್ತಿ ಹಿಡಿದೇ ಇಳಿದರೆ ಗಾಲಿಯ ಸುತ್ತಿನ ಪಟ್ಟಿ ಕಾದು ಸಡಿಲವಾಗುತ್ತದೆ. ಇದಕ್ಕಾಗಿ ರಿಗ್ಗೆನ್‌ಬಾಕ್ ಮಾದರಿಯ ಪ್ರತಿ ಒತ್ತಡದ ಬ್ರೇಕನ್ನು ಜೋಡಿಸಿದರು. ಇಳಿಯುವಾಗ ಚಾಲಕ ಎಂಜಿನ್ನನ್ನು ಹಿಂಚಲನೆಗೆ ಹಾಕುತ್ತಾನೆ. ಆಗ ಉರುಳುತ್ತಿರುವ ಗಾಲಿಗಳೇ ಪಿಸ್ಟನ್ನನ್ನು ದೂಡಿ, ಸಿಲಿಂಡರ್ ಗಾಳಿಯನ್ನು ಹಿಂಡುವ ಪಂಪಾಗುತ್ತದೆ. ಹಿಂಡಿದ ಗಾಳಿಯನ್ನು ಕವಾಟದ ಸಣ್ಣ ಕಂಡಿಯಿಂದ ಬಿಡುತ್ತ, ಸಿಲಿಂಡರ್ ಕಾಯದಂತೆ ಒಳಗೆ ಸ್ವಲ್ಪ ನೀರು ಚಿಮುಕಿಸುತ್ತ ಇಳಿಯುತ್ತಾರೆ. ಈ ಮಾದರಿಯ 1,200ಕ್ಕೂ ಹೆಚ್ಚು ಎಂಜಿನ್ನುಗಳಲ್ಲಿ ಹೆಚ್ಚಿನವು ಇಂಥ ಸಾಹಸಕ್ಕೆ ಹೋಗದೆ ಯಾರ್ಡುಗಳಲ್ಲಿ ವ್ಯಾಗನ್ನುಗಳನ್ನು ನೂಕುತ್ತ ಆಯುಸ್ಸು ಕಳೆದವು ಎನ್ನುವುದೂ ನಿಜ.

ಜಿ 10ರ ದಾರಿಯಿಂದ ಪ್ರಷ್ಯ ಸರಿದದ್ದು ಯುದ್ಧದ ಒತ್ತಡದಲ್ಲಿ. ಮೊದಲ ಮಹಾಯುದ್ಧದಲ್ಲಿ ಒಂದು ರಾಜ್ಯದ ಎಂಜಿನ್ ಇನ್ನೊಂದು ರಾಜ್ಯದ ಶೆಡ್ಡಿಗೆ ಹೋಗಿ ನಿಂತರೆ ಬಿಡಿಭಾಗ ಹೊಂದುವುದಿಲ್ಲ, ಚಾಲಕನಿಗೆ ಅದರ ಪರಿಚಯವಿಲ್ಲ. ಎಲ್ಲರಿಗೂ ಒಂದೇ ಸರಕು ಎಂಜಿನ್ ಬೇಕೆಂದು ಸೇನೆಯ ಕಡೆಯಿಂದ ಒತ್ತಾಯ ಬಂದು, 1917ರಲ್ಲಿ ಹೆನ್ಶೆಲ್ ರೂಪಿಸಿದ ಜಿ 12 ಹುಟ್ಟಿತು. ಕೂಡುಗಾಲಿಗಳು ಹತ್ತೇ, ಆದರೆ ಮುಂದೆ ಒಂದು ಜೊತೆ ಚಿಕ್ಕ ಗಾಲಿಗಳು ಬಂದವು, ಎರಡರ ಬದಲು ಮೂರು ಸಿಲಿಂಡರುಗಳಾದವು. ಎರಡು ಸಿಲಿಂಡರುಗಳಿದ್ದಾಗ ಗಾಲಿಯ ಒಂದು ಸುತ್ತಿನಲ್ಲಿ ಎಳೆತ ನಾಲ್ಕು ಬಾರಿ ಏರಿ ಇಳಿಯುತ್ತದೆ, ಏರಿದ ಗಳಿಗೆಯಲ್ಲೇ ಗಾಲಿ ಜಾರುತ್ತದೆ. ಮೂರಿದ್ದರೆ ಆರು ಬಾರಿ, ಅದೂ ಮೆಲ್ಲಗೆ ಏರಿಳಿಯುವುದರಿಂದ ಅದೇ ತೂಕದಲ್ಲಿ ಹೆಚ್ಚು ಎಳೆಯಬಹುದು. ಗಾರ್ಬೆಯವರ ಎರಡು ಸಿಲಿಂಡರಿನ ಪಾಠವನ್ನು ಪ್ರಷ್ಯವೇ ಇಲ್ಲಿ ಬದಿಗಿಟ್ಟಿತು. ಬಾಡೆನ್, ಸ್ಯಾಕ್ಸನಿ, ವ್ಯುರ್ಟೆಂಬರ್ಗ್ ರಾಜ್ಯಗಳೂ ಇದೇ ಎಂಜಿನ್ನನ್ನು ತರಿಸಿಕೊಂಡವು. 1920ರ ಏಪ್ರಿಲ್ 1ರಂದು ರಾಜ್ಯಗಳ ರೈಲ್ವೆಗಳೆಲ್ಲ ದೇಶದ ಒಂದೇ ಆಡಳಿತಕ್ಕೆ ಸೇರುವ ಮೊದಲೇ ಎಂಜಿನ್ನಿನ ಮಟ್ಟಿಗೆ ಆ ಒಗ್ಗಟ್ಟು ಶುರುವಾಗಿತ್ತು.

ಯುದ್ಧ ಸೋತ ಜರ್ಮನಿ ಕದನವಿರಾಮದ ಕರಾರಿನಂತೆ 5,000 ಎಂಜಿನ್ನುಗಳನ್ನು ಒಪ್ಪಿಸಬೇಕಾಯಿತು. ಹೊಸ ಗಡಿಗಳ ಆಚೆ ಉಳಿದವೂ ಸೇರಿ ಪ್ರಷ್ಯದ ಹತ್ತು ಗಾಲಿಯ ಎಂಜಿನ್ನುಗಳು ಯುರೋಪಿನ ಹಲವು ದೇಶಗಳಲ್ಲಿ ಹರಡಿಕೊಂಡವು. ಪೋಲೆಂಡಿನಲ್ಲಿ ಜಿ 10ಕ್ಕೆ ಟಿಡಬ್ಲ್ಯು 1 ಎಂಬ ಹೆಸರು. ರುಮೇನಿಯದವರಂತೂ ಅದನ್ನು ತಮ್ಮ 50 ಶ್ರೇಣಿಯಾಗಿ ಒಪ್ಪಿಕೊಂಡು, ರೆಶಿತ್ಸಾ ಮತ್ತು ಮಲಾಕ್ಸಾ ಕಾರ್ಖಾನೆಗಳಲ್ಲಿ ತಾವೇ ತಯಾರಿಸಿದರು.

ಜರ್ಮನಿಯಲ್ಲಿ ಜಿ 10ರ ಜಾಗವನ್ನು ತುಂಬಲೆಂದೇ 1939ರಲ್ಲಿ 50 ಶ್ರೇಣಿ ಬಂತು. ರುಮೇನಿಯದ 50ಕ್ಕೂ ಇದಕ್ಕೂ ಸಂಬಂಧವಿಲ್ಲ, ಸಂಖ್ಯೆ ಒಂದಾದದ್ದು ಕಾಕತಾಳೀಯ. ಅಚ್ಚಿನ ಭಾರ ಅದೇ 15 ಟನ್, ಕೂಡುಗಾಲಿಗಳು ಅದೇ ಹತ್ತು, ಸಿಲಿಂಡರುಗಳು ಮತ್ತೆ ಎರಡು. ಆದರೆ ಮುಂದೆ ಚಿಕ್ಕ ಗಾಲಿಗಳಿದ್ದುದರಿಂದ ಅದು ಮುಂದಕ್ಕೂ ಹಿಂದಕ್ಕೂ 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದಾಗಿತ್ತು. ಹಾಗೆಂದು ಜಿ 10 ಕೂಡಲೇ ಮನೆಗೆ ಹೋಗಲಿಲ್ಲ. ಎರಡನೆಯ ಮಹಾಯುದ್ಧದ ನಂತರವೂ ಎರಡೂ ಜರ್ಮನಿಗಳಲ್ಲಿ ಎರಡು ದಶಕ ದುಡಿಯಿತು.

ನೀವು ಇನ್ನೊಮ್ಮೆ ಝೀಗನ್‌ಗೆ ಹೋದರೆ ಎಂಜಿನ್ನಿನ ಮುಂದೆ ನಿಲ್ಲದೆ ಮಗ್ಗುಲಿಗೆ ಹೋಗಿ, ಗಾಲಿಗಳ ಮಟ್ಟಕ್ಕೆ ಬಗ್ಗಿ ನೋಡಿ. ಕನೆಕ್ಟಿಂಗ್ ರಾಡ್ ಬಂದು ಸೇರುವ ನಡುವಿನ ಗಾಲಿಯ ಫ್ಲ್ಯಾಂಜನ್ನು ಅದರ ಪಕ್ಕದ ಗಾಲಿಯ ಫ್ಲ್ಯಾಂಜಿಗೆ ಹೋಲಿಸಿ. ಆಮೇಲೆ ಮೊದಲ ಗಾಲಿಯ ಪಿನ್ ಕೂಡುದಂಡದ ತೂತಿನಲ್ಲಿ ಎಷ್ಟು ಉದ್ದ ಇದೆ ಎಂಬುದನ್ನು ಎರಡನೆಯದರ ಜೊತೆ ಹೋಲಿಸಿ. ನೀವು ಕೇಳಿದ ತಿರುವಿನ ಪ್ರಶ್ನೆಗೆ ಉತ್ತರ ಆ ಎರಡು ಜಾಗಗಳಲ್ಲಿದೆ. ಅದನ್ನು ನೋಡಲು ಟಾರ್ಚ್ ಒಂದಿದ್ದರೆ ಒಳ್ಳೆಯದು.